ಬಿಸಿಲು ಮಾಳಿಗೆಯ ಮೇಲೆ 4 ಚದರ ಮಿ.ಮೀ. ವೈರು ಏಕೆ ಸಾಲದು

ಪ್ರಶ್ನೆ: ಜಮಖಂಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ 5 ಕಿಲೋವಾಟ್ ಸೌರ ಘಟಕವಿದೆ. ಮೆಟ್ಟಿಲ ಕೋಣೆಯಲ್ಲಿರುವ ಇನ್ವರ್ಟರಿನಿಂದ ಮೀಟರಿನ ಕಡೆಗೆ 4 ಚದರ ಮಿ.ಮೀ. ತಾಮ್ರದ ಪಿವಿಸಿ ವೈರನ್ನು ಕಪ್ಪು ಪೈಪಿನಲ್ಲಿ ಕಾಂಕ್ರೀಟಿನ ಮೇಲೆಯೇ ಹಾಸಿದ್ದಾರೆ. ಮಧ್ಯಾಹ್ನ ಸುಟ್ಟ ವಾಸನೆ ಬರುತ್ತದೆ. ಈ ವೈರು 30 ಆಂಪಿಯರ್ ತಾಳುತ್ತದೆ, ನಿಮ್ಮದು ಬರೀ 22 ಎನ್ನುತ್ತಾರೆ ವೈರಿಂಗ್ ಮಾಡಿದವರು. ತಪ್ಪೆಲ್ಲಿದೆ?

ಉತ್ತರ: ಮೊದಲು ಇನ್ವರ್ಟರ್ ಬಂದ್ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಪ್ರತಿ ಬೇಸಿಗೆಯಲ್ಲೂ ಬಾಗಲಕೋಟೆ, ವಿಜಯಪುರದ ಕಡೆಯಿಂದ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಆ 30 ಆಂಪಿಯರಿನ ಮಾತು ಜೊತೆಗಿರುತ್ತದೆ. ಅದು ವೈರಿನ ಹುಟ್ಟುಗುಣವಲ್ಲ. ಸುತ್ತಲಿನ ಗಾಳಿ 40 ಡಿಗ್ರಿ ಇರುವಾಗ ಪಿವಿಸಿ ಹೊದಿಕೆಯ ಒಳಗಿನ ತಾಮ್ರ 70 ಡಿಗ್ರಿ ದಾಟಬಾರದೆಂದು ಕಟ್ಟಿದ ಲೆಕ್ಕ. ಅಮೆರಿಕದ ವಿದ್ಯುತ್ ಸಂಹಿತೆಯ ಪ್ರಕಾರ, ಛಾವಣಿಯಿಂದ ಸುಮಾರು 2 ಸೆಂ.ಮೀ. ಎತ್ತರವೂ ಇಲ್ಲದೆ ಬಿಸಿಲಲ್ಲಿ ಮಲಗಿದ ಪೈಪಿಗೆ ಹೊರಗಿನ ಉಷ್ಣಾಂಶದ ಮೇಲೆ 33 ಡಿಗ್ರಿ ಸೇರಿಸಬೇಕು. ನಿಮ್ಮೂರಿನ 42 ಡಿಗ್ರಿ ದಿನಕ್ಕೆ ಅದು 75 ಆಯಿತು. ಅಂದರೆ ಒಂದು ಆಂಪಿಯರ್ ಹರಿಯುವ ಮೊದಲೇ ವೈರು ತನ್ನ ಮಿತಿ ದಾಟಿರುತ್ತದೆ. ಲೆಕ್ಕದಲ್ಲಿ ಅದರ ಸಾಮರ್ಥ್ಯ ಸೊನ್ನೆ. ಗೀಜರಿನ ವೈರು ಅರ್ಧ ಗಂಟೆ ದುಡಿದು ತಣ್ಣಗಾಗುತ್ತದೆ, ಆದರೆ ಸೌರ ಘಟಕವು ಕಾಂಕ್ರೀಟು ಸುಡುವ ನಡುಮಧ್ಯಾಹ್ನದಲ್ಲಿಯೇ, ಗಂಟೆಗಟ್ಟಲೆ, ಹೆಚ್ಚಿನ ವಿದ್ಯುತ್ತನ್ನು ಹರಿಸುತ್ತದೆ.

ಹಾಗಾದರೆ ಪೈಪನ್ನು ಗೋಡೆಯ ನೆರಳಿಗೆ, ಇಲ್ಲವೇ ಒಂದು ಅಡಿ ಎತ್ತರದ ಕ್ಲಾಂಪುಗಳ ಮೇಲೆ ಏರಿಸಿ. ಆಗಲೂ ಪೈಪಿನ ಒಳಗೆ 55 ಡಿಗ್ರಿ ಇರುತ್ತದೆಂದು ಲೆಕ್ಕ ಹಿಡಿಯುವುದು ಜಾಣತನ. ಪಿವಿಸಿಗೆ ಆಗ ಗುಣಕ (ಬಿಸಿಗೆ ತಕ್ಕಂತೆ ಸಾಮರ್ಥ್ಯವನ್ನು ತಗ್ಗಿಸಲು ಗುಣಿಸುವ ಸಂಖ್ಯೆ) 0.71 ಆಗಿ ನಿಮ್ಮ 30 ಆಂಪಿಯರ್ ಸುಮಾರು 21ಕ್ಕೆ ಇಳಿಯುತ್ತದೆ. ಬೇಕಾದದ್ದು 22, ಮಿತಿ ಮೀರಿದಾಗ ವಿದ್ಯುತ್ ಕಡಿಯುವ ಬ್ರೇಕರ್ 25 ಆಂಪಿಯರಿನದು. ಆದ್ದರಿಂದ 6 ಚದರ ಮಿ.ಮೀ., ಅದೂ 90 ಡಿಗ್ರಿ ತಾಳುವ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಹಾಕಿಸಿ. ಅದರ ಗುಣಕ 0.84. ಮೀಟರಿನವರೆಗೆ 30 ಮೀಟರಿಗಿಂತ ಹೆಚ್ಚು ದೂರವಿದ್ದರೆ ನಾನಂತೂ 10 ಚದರ ಮಿ.ಮೀ.ಗಿಂತ ಕಡಿಮೆ ಹಾಕಿಸುವುದಿಲ್ಲ. ಇದನ್ನು ಅತಿಯಾದ ಎಚ್ಚರವೆಂದು ಕರೆದರೂ ನನಗೆ ಬೇಸರವಿಲ್ಲ. ಇಳಕಲ್ಲಿನ ಒಂದು ಮಗ್ಗದ ಶೆಡ್ಡಿನ ಮೇಲೆ ಇಂಥದೇ ಪೈಪು ಬಿಚ್ಚಿದಾಗ ವೈರಿನ ಹೊದಿಕೆ ಹಪ್ಪಳದಂತೆ ಮುರಿದು ಕೈಗೆ ಬಂದಿತ್ತು. ವಾಸನೆ ಬಂದ ನಿಮ್ಮ ವೈರನ್ನೂ ಮತ್ತೆ ಬಳಸಬೇಡಿ.

ಪ್ರಶ್ನೆ: ಪೈಪಿಗೆ ಸುಣ್ಣ ಬಳಿದರೆ ಸಾಲದೆ? (ಮುಧೋಳ)

ಉತ್ತರ: ಬಿಸಿ ತುಸು ತಗ್ಗುತ್ತದೆ, ಆದರೆ ವೈರು ದಪ್ಪವಾಗುವುದಿಲ್ಲ.

ಪ್ರಶ್ನೆ: ಪ್ಯಾನಲ್ಲಿನಿಂದ ಇನ್ವರ್ಟರಿಗೆ ಮನೆಯ ವೈರನ್ನೇ ಎಳೆಯಬಹುದೆ? (ಸಿಂದಗಿ)

ಉತ್ತರ: ಕೂಡದು. ಭಾರತೀಯ ಮಾನಕ ಐಎಸ್ 17293ರ ಗುರುತಿರುವ ಸೌರ ಕೇಬಲ್ಲೇ ಆಗಬೇಕು.

ಪ್ರಶ್ನೆ: ಮಧ್ಯಾಹ್ನ 25 ಆಂಪಿಯರ್ ಬ್ರೇಕರ್ ಬೀಳುತ್ತದೆ, 40 ಹಾಕಿದರೆ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳಿದರು. (ತಾಳಿಕೋಟೆ)

ಉತ್ತರ: ಆ ಮಾತು ಹೇಳಿದವರ ಕೈಗೆ ನಿಮ್ಮ ಮನೆಯ ವೈರಿಂಗ್ ಕೊಡಬೇಡಿ. ಬ್ರೇಕರ್ ಕಾಯುವುದು ವೈರನ್ನು. ದೊಡ್ಡದು ಹಾಕಿದರೆ ವೈರು ಮೊದಲು ಸುಡುತ್ತದೆ. ಬ್ರೇಕರಿನ ಪೆಟ್ಟಿಗೆ ಬಿಸಿಲಲ್ಲಿದ್ದರೆ ನೆರಳಿಗೆ ತನ್ನಿ, ಸ್ಕ್ರೂಗಳು ಸಡಿಲವಾಗಿವೆಯೇ ಎಂದು ವಿದ್ಯುತ್ ಕಡಿತಗೊಳಿಸಿ ಪರೀಕ್ಷಿಸಿ, ಆಮೇಲೆ ವೈರನ್ನು ಅಳೆಯಿಸಿ.