ಒಂದು ಡಿವಿಡಿಗೆ ಒಂದೂವರೆ ಗಂಟೆ: ತಡವಾಗುತ್ತಿರುವುದು ಎಲ್ಲಿ?

ಪ್ರಶ್ನೆ: ಗದಗಿನಲ್ಲಿ ಮದುವೆ, ಸೀಮಂತ, ಶಾಲೆಗಳ ಗ್ಯಾದರಿಂಗ್ ಮತ್ತು ಹಳ್ಳಿಯ ನಾಟಕಗಳ ವಿಡಿಯೊ ತೆಗೆಯುವುದು ನನ್ನ ಉದ್ಯೋಗ. ಪೆನ್‌ಡ್ರೈವ್ ಜೊತೆಗೆ ಮನೆಯ ಹಿರಿಯರಿಗೆಂದು ಡಿವಿಡಿ ಕೇಳುವವರು ಈಗಲೂ ಇದ್ದಾರೆ. 2011ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ (ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್‌ಡಿಸ್ಕ್, 32 ಬಿಟ್ ವಿಂಡೋಸ್ 7) ಒಂದೊಂದು ಡಿವಿಡಿಗೂ ಒಂದೂವರೆ ಗಂಟೆ ಹಿಡಿಯುತ್ತದೆ. ಐದು ಪ್ರತಿ ಎಂದರೆ ಇಡೀ ದಿನ ಹೋಯಿತು. ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೇಳಿದರು. ಹಾಕಿಸಲೇ, ಹೊಸದನ್ನೇ ಕೊಳ್ಳಲೇ?
– ಓದುಗರೊಬ್ಬರು, ಗದಗ

ಉತ್ತರ: ಅಂಗಡಿಯವರ ಸಲಹೆಯಿಂದ ಲ್ಯಾಪ್‌ಟಾಪ್‌ಗೆ ಒಳ್ಳೆಯದಾಗುತ್ತದೆ, ಆದರೆ ನಿಮ್ಮ ಡಿವಿಡಿ ಮಾತ್ರ ಅದರಿಂದ ಬೇಗ ಆಗುವುದಿಲ್ಲ. ಡಿವಿಡಿಯ 1ಎಕ್ಸ್ ವೇಗವೆಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. 4.7 ಜಿಬಿಯ ಇಡೀ ಡಿಸ್ಕನ್ನು ಅಷ್ಟು ನಿಧಾನವಾಗಿ ತುಂಬಿದರೂ ಒಂದು ಗಂಟೆಯೊಳಗೆ ಮುಗಿಯಬೇಕು. ಹಾಗಾದರೆ ಉಳಿದ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇರೆ ಯಾವುದೋ ಕೆಲಸಕ್ಕೆ ಹೋಗುತ್ತಿದೆ. ನೀವು ಪ್ರತಿ ಸಲವೂ ಎಡಿಟಿಂಗ್ ತಂತ್ರಾಂಶದ ಪ್ರಾಜೆಕ್ಟ್ ತೆರೆದು ಅಲ್ಲಿಂದಲೇ ಡಿಸ್ಕಿಗೆ ಬರೆಯುತ್ತಿದ್ದೀರಿ, ಅಂದರೆ ಬರ್ನ್ ಮಾಡುತ್ತಿದ್ದೀರಿ ಎಂದು ನನ್ನ ಊಹೆ. ಹಾಗೆ ಮಾಡಿದಾಗ ಕ್ಯಾಮೆರಾದ ಫೈಲನ್ನು ಡಿವಿಡಿ ಪ್ಲೇಯರ್‌ಗೆ ಅರ್ಥವಾಗುವ ಎಂಪೆಗ್-2 ರೂಪಕ್ಕೆ ತಿರುಗಿಸುವ ಕೆಲಸ ಒಂದೊಂದು ಪ್ರತಿಗೂ ಮೊದಲಿನಿಂದ ನಡೆಯುತ್ತದೆ, ಅದರ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಇನ್ನು ಮುಂದೆ ಪ್ರಾಜೆಕ್ಟನ್ನು ಒಂದೇ ಸಲ ಐಎಸ್‌ಒ ಫೈಲಾಗಿ (ಇಡೀ ಡಿವಿಡಿಯ ಪಡಿಯಚ್ಚು) ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಂಡು, ಎಷ್ಟು ಪ್ರತಿ ಬೇಕೋ ಅಷ್ಟನ್ನೂ ಅದರಿಂದಲೇ ಬರ್ನ್ ಮಾಡಿರಿ. ರಾತ್ರಿ ಮಲಗುವ ಮುನ್ನ ಪರಿವರ್ತನೆಗೆ ಹಚ್ಚಿದರೆ ಬೆಳಿಗ್ಗೆ ಫೈಲು ಸಿದ್ಧವಿರುತ್ತದೆ. ಲ್ಯಾಪ್‌ಟಾಪ್‌ನ ತೆಳು ರೈಟರುಗಳ ಗರಿಷ್ಠ ವೇಗ ಸಾಮಾನ್ಯವಾಗಿ 8ಎಕ್ಸ್. ಆ ವೇಗದಲ್ಲಿ ತುಂಬಿದ ಡಿಸ್ಕಿಗೆ ಹತ್ತು ನಿಮಿಷದ ಆಸುಪಾಸು, 4ಎಕ್ಸ್‌ನಲ್ಲಿ ಹದಿನೈದು ನಿಮಿಷ ಸಾಕು. ಬರೆದ ಮೇಲೆ ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ವೆರಿಫೈ ಆಯ್ಕೆ ಇಟ್ಟುಕೊಂಡಿದ್ದರೆ ಇನ್ನೊಂದಿಷ್ಟು ಸಮಯ ಸೇರುತ್ತದೆ, ಆದರೆ ಅದನ್ನು ತೆಗೆಯಬೇಡಿರಿ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋದರೆ ಗಿರಾಕಿಯ ಮನೆಯವರ ಮುಂದೆ ತಲೆ ತಗ್ಗಿಸಬೇಕಾದವರು ನೀವೇ.

ಐಎಸ್‌ಒದಿಂದ ಬರೆದರೂ ಮುಕ್ಕಾಲು ಗಂಟೆ ಹಿಡಿದರೆ ಮಾತ್ರ ರೈಟರ್ ಕಡೆ ನೋಡಬೇಕು. ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶದಲ್ಲಿ ಬರ್ನ್ ನಡೆಯುವಾಗ ಕೆಳಗೆ ಎರಡು ಪಟ್ಟಿಗಳು ಕಾಣುತ್ತವೆ: ಒಂದು ಬಫರ್ (ಬರೆಯಬೇಕಾದ ಮಾಹಿತಿ ಕಂಪ್ಯೂಟರಿನಲ್ಲಿ ಸರದಿ ಕಾಯುವ ಜಾಗ), ಇನ್ನೊಂದು ಡಿವೈಸ್ ಬಫರ್ (ರೈಟರಿನೊಳಗಿನ ಅಂಥದೇ ಜಾಗ). ಮೊದಲನೆಯದು ಮತ್ತೆಮತ್ತೆ ಬರಿದಾಗುತ್ತಿದ್ದರೆ ಹಾರ್ಡ್‌ಡಿಸ್ಕ್ ಮಾಹಿತಿಯನ್ನು ಸಾಕಷ್ಟು ಬೇಗ ಒದಗಿಸುತ್ತಿಲ್ಲ. ಮೊದಲನೆಯದು ತುಂಬಿದ್ದು ಎರಡನೆಯದು ಮಾತ್ರ ಕುಸಿಯುತ್ತಿದ್ದರೆ ಕಂಪ್ಯೂಟರ್ ಮತ್ತು ರೈಟರ್ ನಡುವಿನ ಸಂಪರ್ಕವೇ ನಿಧಾನವಾಗಿದೆ. ಎರಡೂ ತುಂಬಿದ್ದು ವೇಗ ಏರದಿದ್ದರೆ ಖಾಲಿ ಡಿಸ್ಕಿನಲ್ಲೋ ರೈಟರ್‌ನಲ್ಲೋ ದೋಷವಿದೆ.

ಹಳೆಯ ಯಂತ್ರಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ನಡುವಿನ ಸಂದರ್ಭವನ್ನೇ. ಗೀಚುಬಿದ್ದ ಡಿಸ್ಕುಗಳನ್ನು ಓದುವಾಗ ಪದೇ ಪದೇ ತಪ್ಪುಗಳಾದರೆ ವಿಂಡೋಸ್ ರೈಟರನ್ನು, ಮಾಹಿತಿ ಪ್ರೊಸೆಸರಿಗೆ ಹೊರೆಯಾಗದೆ ಸಾಗುವ ಡಿಎಂಎ ವಿಧಾನದಿಂದ ಇಳಿಸಿ, ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕಾದ ಪಿಐಒ ವಿಧಾನಕ್ಕೆ ತಂದುಬಿಡುತ್ತದೆ, ಮತ್ತು ತಾನಾಗಿ ಮೇಲಕ್ಕೆ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಕಂಟ್ರೋಲರ್‌ಗಳ ಕೆಳಗಿರುವ ಎಟಿಎ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಈಗಿನ ವಿಧಾನ ಯಾವುದೆಂದು ನೋಡಿರಿ. ಪಿಐಒ ಎಂದಿದ್ದರೆ ಡಿಎಂಎ ಆಯ್ಕೆಗೆ ಗುರುತು ಹಾಕಿರಿ. ಅದು ನಿಲ್ಲದಿದ್ದರೆ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿರಿ, ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಎಎಚ್‌ಸಿಐ ಎಂಬ, ಐಡಿಇಗಿಂತ ಹೊಸ ಸಂಪರ್ಕ ವಿಧಾನದಲ್ಲಿದ್ದರೆ ಈ ಆಯ್ಕೆಯೇ ಕಾಣುವುದಿಲ್ಲ, ಆಗ ಈ ಅನುಮಾನವನ್ನು ಬಿಟ್ಟುಬಿಡಬಹುದು.

ಡಿಸ್ಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಸರಿಲ್ಲದ ಅಗ್ಗದ ಡಿಸ್ಕುಗಳನ್ನು ರೈಟರ್ ಗುರುತಿಸದಿದ್ದರೆ ಸುರಕ್ಷತೆಗಾಗಿ ತಾನೇ ವೇಗ ತಗ್ಗಿಸುತ್ತದೆ. ಬೇರೆ ಕಂಪನಿಯ ಐದು ಡಿಸ್ಕು ತಂದು ಹೋಲಿಸಿ ನೋಡಿರಿ. ಲ್ಯಾಪ್‌ಟಾಪ್ ರೈಟರುಗಳಲ್ಲಿ ಲೆನ್ಸ್ ಟ್ರೇಯ ಜೊತೆಗೇ ಹೊರಗೆ ಬರುತ್ತದೆ, ಗಾಳಿಯಂತ್ರ ತಿರುಗಿಸುವ ಗದಗಿನ ಗಾಳಿಯಂತೂ ಎರೆಮಣ್ಣಿನ ಧೂಳನ್ನು ಧಾರಾಳವಾಗಿ ತರುತ್ತದೆ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್‌ನಿಂದಲೇ ಅದನ್ನೂ ಊದಿರಿ, ಬಾಯಿಂದ ಊದಬೇಡಿರಿ.

ಈಗ ಖರ್ಚಿನ ಮಾತು. 8ಎಕ್ಸ್ ಬರ್ನಿಗೆ ಸೆಕೆಂಡಿಗೆ 11 ಎಂಬಿ ಸಾಕು. ಆರೋಗ್ಯವಾಗಿರುವ ಹಳೆಯ ಹಾರ್ಡ್‌ಡಿಸ್ಕ್ ಕೂಡ ಅದರ ಹಲವು ಪಟ್ಟು ಕೊಡಬಲ್ಲದು. ಎಸ್‌ಎಸ್‌ಡಿಯಿಂದ ಯಂತ್ರ ಬೇಗ ತೆರೆದುಕೊಳ್ಳುತ್ತದೆ, ಎಡಿಟಿಂಗ್ ತಂತ್ರಾಂಶ ತಡವರಿಸುವುದಿಲ್ಲ, ಆದ್ದರಿಂದ ಒಂದೇ ಒಂದು ಬದಲಾವಣೆ ಮಾಡಿಸುವುದಾದರೆ ನಾನು 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಆರಿಸುತ್ತೇನೆ. ತೆಗೆದ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿಕೊಂಡರೆ ಹಳೆಯ ಮದುವೆಗಳ ಐಎಸ್‌ಒ ಇಡಲು ಜಾಗವಾಗುತ್ತದೆ. ರ‍್ಯಾಮ್ ವಿಷಯದಲ್ಲಿ ಮಾತ್ರ ಅವಸರ ಬೇಡ: ನಿಮ್ಮ 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚಿನದನ್ನು ಬಳಸಲಾರದು, 8 ಜಿಬಿ ಹಾಕಿಸಿದರೆ ಅರ್ಧ ಹಣ ನೀರಿನಲ್ಲಿ ಹೋಮ.

ಹೊಸದನ್ನು ಕೊಳ್ಳುವ ಪ್ರಶ್ನೆ ಇಂಟರ್ನೆಟ್ಟಿಗೆ ಸಂಬಂಧಿಸಿದ್ದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ವಿಂಡೋಸ್ 11 ನಿಮ್ಮ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಬ್ಯಾಂಕು, ಇಮೇಲ್ ಇವುಗಳಿಗೆ ಬೇರೆ ಯಂತ್ರ ಇಟ್ಟುಕೊಂಡು, ಇದನ್ನು ನೆಟ್ ಸಂಪರ್ಕವಿಲ್ಲದೆ ಡಿವಿಡಿಗೆಂದೇ ಮೀಸಲಿಟ್ಟರೆ ಇನ್ನೂ ಕೆಲವು ವರ್ಷ ದುಡಿಯಬಲ್ಲದು. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಡಿವಿಡಿ ರೈಟರೇ ಇರುವುದಿಲ್ಲ ಎಂಬುದನ್ನೂ ನೆನಪಿಡಿರಿ.

ಪ್ರಶ್ನೆ: ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಿವಿಡಿ ರೈಟರ್ ಕೊಂಡಿದ್ದೇನೆ. ಅರ್ಧ ಬರೆಯುವಷ್ಟರಲ್ಲಿ ಕಡಿದುಹೋಗಿ ಡಿಸ್ಕ್ ಹಾಳಾಗುತ್ತದೆ.
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ವಿದ್ಯುತ್ ಸಾಲದೆ ಹೀಗಾಗುವುದೇ ಹೆಚ್ಚು. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ ಕೊಡುವುದು 500 ಮಿಲಿಆಂಪಿಯರ್; ಬರೆಯುವಾಗ ರೈಟರ್ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಎರಡು ಪೋರ್ಟುಗಳಿಗೆ ಸೇರುವ ಕವಲು ಕೇಬಲ್ ಹಾಕಿ, ಚಾರ್ಜರ್ ಜೋಡಿಸಿಕೊಂಡು, 4ಎಕ್ಸ್‌ನಲ್ಲಿ ಒಂದು ಡಿಸ್ಕ್ ಬರೆದು ನೋಡಿರಿ. ಆಗಲೂ ಕಡಿದುಹೋದರೆ ವಾರಂಟಿ ಮುಗಿಯುವ ಮುನ್ನ ಕೊಂಡ ಅಂಗಡಿಗೆ ಒಯ್ಯಿರಿ.