ಕಾಸರಕದ ಬೀಜ ತಿಂದ ನಾಯಿ ಸಣ್ಣ ಸದ್ದಿಗೂ ಸೆಟೆದುಕೊಳ್ಳುವುದು ಯಾಕೆ?

ನಮ್ಮ ಶಿರಸಿ ಕಡೆ ಕಾಸರಕದ ಮರ ಗೊತ್ತಿಲ್ಲದವರು ಕಡಿಮೆ. ಕಿತ್ತಳೆ ಬಣ್ಣದ ಹಣ್ಣು, ಒಳಗೆ ಅಂಗಿ ಗುಂಡಿಯಂಥ ಚಪ್ಪಟೆ ಬೀಜ. ಆ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷದ್ದೇ ಈ ಕೆಲಸ. (ದಾಂಡೇಲಿಯ ಮಂಗಟ್ಟೆ ಹಕ್ಕಿಗಳು ಇದೇ ಹಣ್ಣಿನ ತಿರುಳು ತಿಂದು ಹಾಯಾಗಿರುತ್ತವೆ, ಅದು ಬೇರೆ ಮಾತು.)

ತಟ್ಟೆ ಬಿದ್ದ ಸದ್ದಿಗೆ ನಾಯಿ ಬೆಚ್ಚುವುದು ಸಹಜ. ಆದರೆ ಮರುಕ್ಷಣ ಸುಮ್ಮನಾಗುತ್ತದೆ, ಅಲ್ವಾ? ಬೆನ್ನುಹುರಿಯಲ್ಲಿ ಗ್ಲೈಸಿನ್ ಎಂಬ ರಾಸಾಯನಿಕ ಬ್ರೇಕ್ ಹಾಕುತ್ತದೆ. ಕಾಲು ಮಡಚುವ ಸ್ನಾಯು ಬಿಗಿಯಾದಾಗ ಚಾಚುವ ಸ್ನಾಯುವನ್ನು ಸಡಿಲ ಬಿಡಿಸುವುದೂ ಅದೇ. ಸ್ಟ್ರಿಕ್ನಿನ್ ಹೋಗಿ ಗ್ಲೈಸಿನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಅಂದರೆ ಆಕ್ಸಿಲರೇಟರ್ ಒತ್ತಿದ್ದಲ್ಲ, ಬ್ರೇಕ್ ವೈರ್ ಕತ್ತರಿಸಿದ್ದು. ಆಮೇಲೆ ಒಂದು ಚಪ್ಪಾಳೆ ಸಾಕು, ಎಲ್ಲಾ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಚಾಚುವ ಸ್ನಾಯುಗಳಿಗೆ ಬಲ ಜಾಸ್ತಿ. ಹಾಗಾಗಿ ನಾಲ್ಕೂ ಕಾಲು ಕೋಲಿನ ಹಾಗೆ ನೆಟ್ಟಗೆ, ಕುತ್ತಿಗೆ ಹಿಂದಕ್ಕೆ. ಎಚ್ಚರ ಮಾತ್ರ ತಪ್ಪಿರುವುದಿಲ್ಲ, ಪಾಪ.

ಇದು ಮಿದುಳಿನಿಂದ ಬರುವ ಸೆಳೆತವಲ್ಲ. 1809ರಲ್ಲೇ ಫ್ರಾನ್ಸಿನ ಶರೀರವಿಜ್ಞಾನಿ ಮಜಾಂಡಿ, ಕಾಸರಕದ ಹತ್ತಿರದ ನೆಂಟನಾದ ಒಂದು ಬಳ್ಳಿಯ ವಿಷ ಬಳಸಿ ಇದನ್ನು ತೋರಿಸಿದ. ಬೆನ್ನುಹುರಿ ನಾಶಮಾಡಿದರೆ ಪ್ರಾಣಿಯ ಸೆಳೆತ ನಿಲ್ಲುತ್ತಿತ್ತು.

 

ನಾಯಿ ಬೀಜ ತಿಂದಿದೆ ಅನಿಸಿದರೆ ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿಸಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಸುಮ್ನೆ ಉಪ್ಪುನೀರು ಕುಡಿಸಲು ಹೋಗಬೇಡಿ, ಬಾಯಿ ಮುಟ್ಟಿದರೂ ಸೆಳೆತ ಶುರುವಾಗಬಹುದು.