ಗಲಾಟೆಯೆಲ್ಲ ನಿಂತ ಮೇಲೆ ಮಗ ಮಂಕಾದ

ಮಲೆನಾಡಿನ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಎಂಜಿನಿಯರಿಂಗ್ ಓದುತ್ತಿದ್ದ 20 ವರ್ಷದ ಮಗನಿಗೆ ಕಳೆದ ವರ್ಷ ಹಾಸ್ಟೆಲಿನಲ್ಲಿ ಸೈಕೋಸಿಸ್ ಬಂತು, ಅಂದರೆ ಇಲ್ಲದ್ದೆಲ್ಲ ನಿಜ ಅನ್ನಿಸುವ ಮನಸ್ಸಿನ ಸ್ಥಿತಿ. ಯಾರೋ ಕಿವಿಯಲ್ಲಿ ಬೈಯುತ್ತಾರೆ, ಊಟಕ್ಕೆ ಏನೋ ಬೆರೆಸುತ್ತಾರೆ ಅನ್ನುತ್ತಿದ್ದ. ಚಿಕಿತ್ಸೆಯಿಂದ ಅದೆಲ್ಲ ನಿಂತು ಐದು ತಿಂಗಳಾಯಿತು. ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. “ಹುಷಾರಾದ ಮೇಲೆ ಹೀಗ್ಯಾಕೆ? ಸೋಮಾರಿತನವಾ? ಮಾತ್ರೆಯಿಂದಲೇ ಹೀಗೆ, ನಿಲ್ಲಿಸಿ ಅಂತಾನೆ ಮೈದುನ. ಕಾಲೇಜಿಗೆ ಯಾವಾಗ ಕಳಿಸಲಿ?” ಇದು ಅವರ ಪ್ರಶ್ನೆ.

ಅಮ್ಮಾ, ಸೋಮಾರಿತನ ಅಲ್ಲ. ನಾನು ಡಾಕ್ಟರಲ್ಲ, ನಿಮ್ಮ ಮಗನನ್ನು ನೋಡಿಯೂ ಇಲ್ಲ. ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ. “ಫೋನ್ ಆಫ್ ಮಾಡಿ ಅಟ್ಟದ ಮೇಲೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದಾನೆ.” ನೀವು ಅದನ್ನು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಕಾಯಿಲೆ ಜೋರಿದ್ದಾಗ ಅವನು ಕ್ಲಾಸಿನ ಗ್ರೂಪಿಗೆ ರಾತ್ರಿಯಿಡೀ ಮೆಸೇಜ್ ಹಾಕಿದ್ದ ಅಂತಲೂ ನೀವೇ ಬರೆದಿದ್ದೀರಿ. ಆಗ ಅವನಿಗೆ ಅದೆಲ್ಲ ನಿಜ. ಈಗ ತಲೆ ತಿಳಿಯಾಗಿದೆ. ಏನೇನು ಬರೆದೆ, ಯಾರ್ಯಾರು ಓದಿದರು ಅನ್ನುವುದು ಒಂದೊಂದಾಗಿ ನೆನಪಾಗುತ್ತಿರಬಹುದು. ಜೊತೆಯವರು ಕೊನೆಯ ವರ್ಷದಲ್ಲಿದ್ದಾರೆ, ಇವನು ಮನೆಯಲ್ಲಿ. ಇಪ್ಪತ್ತರ ವಯಸ್ಸಿಗೆ ಇದು ಸಣ್ಣ ಪೆಟ್ಟಲ್ಲ, ಅಲ್ವಾ?

ಬ್ರಿಟನ್ನಿನ ಮ್ಯಾಕ್ಸ್ ಬರ್ಚ್‌ವುಡ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಸೈಕೋಸಿಸ್ ಇಳಿದ ಮೇಲೆ ಹಲವರಿಗೆ ಖಿನ್ನತೆ ಬರುತ್ತದೆ. ಕಳೆದುಕೊಂಡೆ, ನಾಲ್ಕು ಜನರ ಮುಂದೆ ಮಾನ ಹೋಯಿತು, ಇದರಿಂದ ಹೊರಬರಲಾರೆ ಅನ್ನುವ ಭಾವನೆಗಳು ಅದರ ಜೊತೆಗಿರುತ್ತವೆ ಅಂತ ಅವರು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ರೋಗಪಟ್ಟಿಯಲ್ಲೂ ಸ್ಕಿಜೋಫ್ರೇನಿಯಾದ (ಸೈಕೋಸಿಸ್ ತರುವ ಒಂದು ಕಾಯಿಲೆ) ನಂತರದ ಖಿನ್ನತೆಗೆ ಎಫ್ 20.4 ಅಂತ ಬೇರೆಯೇ ನಂಬರು ಇತ್ತು.

ಆದರೆ ಮಂಕಾಗಿರುವುದೆಲ್ಲ ಖಿನ್ನತೆಯೇ ಆಗಬೇಕಿಲ್ಲ. ಮೂಲ ಕಾಯಿಲೆಯೇ ಕೆಲವರಲ್ಲಿ ಉತ್ಸಾಹ ಹೀರಿಬಿಡುತ್ತದೆ. ಅವರಿಗೆ ದುಃಖವೂ ಇರುವುದಿಲ್ಲ, ಸಂತೋಷವೂ ಇರುವುದಿಲ್ಲ. ಮಾತ್ರೆಯಿಂದಲೂ ನಿದ್ದೆ ಜಾಸ್ತಿಯಾಗಬಹುದು, ಮೈ ಬಿಗಿಯಬಹುದು, ನಡೆಯುವಾಗ ಕೈ ಬೀಸದೇ ಇರಬಹುದು. ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಹಾಗಾಗಿ ನಿಮ್ಮ ಮೈದುನ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ನೀವೇ ಮಾತ್ರೆ ನಿಲ್ಲಿಸಿದರೆ ಹಳೆಯ ಧ್ವನಿಗಳು ವಾಪಸ್ ಬರುವ ಭಯ ಇದೆ. ಪ್ರಮಾಣ ಇಳಿಸುವುದು, ಮಾತ್ರೆ ಬದಲಿಸುವುದು, ಖಿನ್ನತೆಗೆ ಬೇರೆ ಔಷಧಿ ಸೇರಿಸುವುದು, ಮಾತಿನ ಚಿಕಿತ್ಸೆ, ಇದೆಲ್ಲ ಡಾಕ್ಟರ ಕೈಯಲ್ಲಿದೆ. ಮುಂದಿನ ಭೇಟಿವರೆಗೆ ಕಾಯಬೇಡಿ, ಈ ವಾರವೇ ಹೋಗಿ. “ಧ್ವನಿ ಕೇಳಿಸುತ್ತಾ?” “ಇಲ್ಲ” ಅಂತ ಎರಡು ಮಾತಲ್ಲಿ ಮುಗಿದರೆ ಏಳಬೇಡಿ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತಾನೆ, ಎಷ್ಟು ಊಟ, ಏನು ಮಾತು, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. “ನಿಮಗೆಲ್ಲ ನಾನೇ ಭಾರ” ಅಂತ ಅವನು ಒಮ್ಮೆ ಅಂದನಂತೆ. ಮೊದಲ ಸಲ ಸೈಕೋಸಿಸ್ ಬಂದು ಹೋದ ನಂತರದ ಒಂದೆರಡು ವರ್ಷದಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. “ಸಾಯಬೇಕು ಅನ್ಸುತ್ತಾ ಮಗಾ?” ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನೇ ಇರಲು ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ ಈಗಿಂದೀಗಲೇ ಮನೆಯಿಂದ ಹೊರಗೆ ಹೋಗಲಿ. ಮಾತ್ರೆ ಡಬ್ಬಿ ನಿಮ್ಮ ಬಳಿ ಇರಲಿ. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮನಸ್, ಮನಸ್ಸಿನ ಕಷ್ಟಗಳಿಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ದೂರವಾದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಹೇಳುತ್ತಾರೆ.

ಕಾಲೇಜು ಎಲ್ಲೂ ಓಡಿಹೋಗುವುದಿಲ್ಲ. ಸಂಜೆ ಹಾಲು ಡೈರಿಗೆ ಹಾಕಲು ಅವನು ನಿಮ್ಮ ಜೊತೆ ಬಂದ ದಿನ ಲೆಕ್ಕಕ್ಕೆ ತಗೊಳ್ಳಿ. ಬರದ ದಿನ ಸುಮ್ನೆ ಬಿಡಿ. ನೆಂಟರು ಕೇಳಿದರೆ ಹುಷಾರಿಲ್ಲ ಅನ್ನಿ, ಅಷ್ಟು ಸಾಕು.

ಫೋನ್ ಅಟ್ಟದಲ್ಲೇ ಇರಲಿ. ಅವನಾಗೇ ಕೇಳಿದ ದಿನ ಇಳಿಸಿಕೊಡಿ, ಆ ಗ್ರೂಪ್ ತೆಗೆಯುವಾಗ ಪಕ್ಕದಲ್ಲಿ ಕೂತಿರಿ.